ಬೇಗಂ ಸಾಹೇಬರೊಡನೆ ಚಿಡಿಯಾ ಆಟ

ನಾನು ಕಲಬುರ್ಗಿಗೆ ಬಂದ ನಾಲ್ಕನೆಯ ಸಂಜೆ, ಬಲೆಗೆ ಬಡಿದು ಹೊಡೆದವರ ಕಾಲ ಬುಡದಲ್ಲೇ ಬಿದ್ದ ಹೊಡೆತಕ್ಕೆ ಹತ್ತು ಹನ್ನೆರಡು ಮಂದಿ ಹೆಂಗಸರು ಚಪ್ಪಾಳೆ ತಟ್ಟಿದ್ದನ್ನು ಕಂಡೆ. 'ವಾಹ್, ವಾಹ್' ಎಂದರು. ಒಬ್ಬಾಕೆ ಓಡಿಹೋಗಿ, ಬಿದ್ದದ್ದನ್ನು ಎತ್ತಿ, ಸೆರಗಿನಿಂದ ಧೂಳು ಒರೆಸಿ, ಹೊಡೆದವರ ಕೈಗೇ ಮರಳಿ ಕೊಟ್ಟಳು. ಅವರು ಮತ್ತೆ ಹೊಡೆದರು. ಮತ್ತೆ ಬಲೆಗೇ ಬಡಿಯಿತು. ಮತ್ತೆ ಚಪ್ಪಾಳೆ. ಮೂರನೆಯ ಸಲ ಹೇಗೋ ದಾಟಿತು. ಈಚೆ ನಿಂತಿದ್ದ ಹೆಂಗಸು, ಕೈಗೆ ಎಟುಕುವಷ್ಟು ಹತ್ತಿರ ಬಂದದ್ದನ್ನು ಮುಟ್ಟದೆ ಬಿಟ್ಟು, 'ಯವ್ವಾ, ಎಂಥಾ ಏಟರೀ ಇದು!' ಎಂದು ಹಣೆಗೆ ಕೈ ಹಚ್ಚಿಕೊಂಡಳು. ಇವರಿಗೆಲ್ಲ ಬಿಸಿಲು ತಲೆಗೇರಿದೆ ಎಂದುಕೊಂಡೆ.

ಮೈಸೂರಿನಲ್ಲಿ ಕುಳಿತು ಇದನ್ನು ಓದುವ ನಿಮಗೆ ಬ್ಯಾಡ್ಮಿಂಟನ್ ಎಂಬ ಹೆಸರು ಗೊತ್ತಿರಬಹುದು. ಬಂಗಲೆಗಳ ಅಂಗಳದಲ್ಲಿ ದೊರೆಸಾನಿಯರು ಆಡುವುದನ್ನು ಬೇಲಿಯಾಚೆಯಿಂದ ನಾನೂ ನೋಡಿದ್ದೆ. ನಡುವೆ ಬಲೆ, ಕೈಯಲ್ಲಿ ತಂತಿ ಹೆಣೆದ ಬ್ಯಾಟು, ಬೆಂಡಿಗೆ ಗರಿ ಸಿಕ್ಕಿಸಿದ ಪುಟ್ಟ ಚೆಂಡು. ಇಲ್ಲಿ ಬಲೆಗೆ ಜಾಲಿ ಎನ್ನುತ್ತಾರೆ. ಗರಿಯ ಚೆಂಡಿಗೆ ಚಿಡಿಯಾ, ಅಂದರೆ ಹಕ್ಕಿ. ಅವ್ವಲ್ ತಾಲ್ಲೂಕುದಾರರೆಂದರೆ ನಮ್ಮ ಕಡೆಯ ಡೆಪ್ಯೂಟಿ ಕಮಿಷನರರಿದ್ದ ಹಾಗೆ, ಜಿಲ್ಲೆಗೇ ದೊಡ್ಡವರು. ಅವರ ಬೇಗಂ ಪರದೆಯವರು. ಬಂಗಲೆಯ ಹಿಂದೆ ಆಳೆತ್ತರಕ್ಕೂ ಮೀರಿದ ಕನಾತು, ಎಂದರೆ ಗುಡಾರದ ಬಟ್ಟೆಯ ಗೋಡೆ ಕಟ್ಟಿಸಿ, ಅದರೊಳಗೆ ಅಧಿಕಾರಿಗಳ ಮನೆಯ ಹೆಂಗಸರನ್ನು ಕರೆಸಿ ಆಡುತ್ತಿದ್ದರು. ನಮ್ಮ ಯಜಮಾನರು ರಸ್ತೆ ಕೆಲಸದ ಇಲಾಖೆಗೆ ಓವರ್ಸಿಯರ್ ಆಗಿ ಬಂದವರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೊಸ ಓವರ್ಸಿಯರರ ಹೆಂಡತಿಯೆಂದು ನನಗೂ ಕರೆ ಬಂದಿತ್ತು.

ಚಪ್ಪಾಳೆಯ ಮುಂದಾಳು ಪೇಷ್ಕಾರರ ಹೆಂಡತಿ. ಪೇಷ್ಕಾರರೆಂದರೆ ಕಚೇರಿಯಲ್ಲಿ ಸಾಹೇಬರ ಮುಂದೆ ಕಾಗದ ಇಡುವವರು. ಯಾವ ಕಾಗದ ಮೇಲೆ ಬರಬೇಕು, ಯಾವುದು ಅಡಿಗೆ ಹೋಗಬೇಕು ಎಂಬುದೆಲ್ಲ ಅವರ ಕೈಯಲ್ಲಿ. ಕನಾತಿನೊಳಗೆ ಆ ಅಧಿಕಾರ ಅವರ ಹೆಂಡತಿಯದು. ಎಲ್ಲರೂ ಆಕೆಯನ್ನು ಪೇಷ್ಕಾರ ಬಾಯಿ ಎನ್ನುತ್ತಿದ್ದರು. ಆಕೆ ನನ್ನನ್ನು ಮೂಲೆಗೆ ಕರೆದು ಹೇಳಿದಳು: "ನೋಡ್ರಿ ಮೈಸೂರ ಬಾಯಿ, ಬೇಗಂ ಸಾಹೇಬರ ಕಡಿ ಚಿಡಿಯಾ ಹೋಗಬೇಕಾದ್ರ ಮೆತ್ತಗ, ಎತ್ತರಕ್ಕ ಹೋಗಬೇಕು. ಅವರು ಹೊಡದದ್ದು ಬಂದ್ರ ಬಿಟ್ಟುಬಿಡಬೇಕು. ಇಲ್ಲಿ ರಿವಾಜ ಅದ ಅದು."

"ಹಾಗಾದರೆ ಆಡುವುದೇಕೆ?" ಎಂದೆ.

"ನಿಮ್ಮ ಗಂಡಂದು ನೌಕರಿ ಕಾಯಂ ಆಗಬೇಕೋ ಬ್ಯಾಡೋ?" ಎಂದು ಕೇಳಿ ನಕ್ಕಳು.

ಮನೆಗೆ ಬಂದ ಮೇಲೆ ಹತ್ತು ಉತ್ತರ ಹೊಳೆದವು.

ಈ ಊರಿನ ಮೇಲೆ ಮೊದಲೇ ನನಗೆ ಸಿಟ್ಟಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಮೈಸೂರಿನಲ್ಲಿ ಕನ್ನಡ ಲೋವರ್ ಸೆಕೆಂಡರಿ ಪಾಸು ಮಾಡಿದ ನಾನು ಇಲ್ಲಿ ಸ್ಟೇಶನ್ನಿನಲ್ಲಿ ಇಳಿದ ಗಳಿಗೆಯಲ್ಲೇ ನಿರಕ್ಷರಿಯಾದೆ. ಬಜಾರದ ಬೋರ್ಡು, ಕಚೇರಿಯ ನೋಟೀಸು, ದವಾಖಾನೆಯ ಚೀಟಿ, ಎಲ್ಲ ಉರ್ದುವಿನಲ್ಲಿ. ಸುತ್ತ ಮಾತಾಡುವವರು ಕನ್ನಡದವರೇ, ಬರೆದದ್ದು ಮಾತ್ರ ಒಂದಕ್ಷರ ಕನ್ನಡವಿಲ್ಲ. ಈ ಅನ್ಯಾಯವನ್ನು ಯಾರೂ ಅನ್ಯಾಯವೆಂದು ಅಂದುಕೊಂಡಂತೆಯೇ ಇರಲಿಲ್ಲ. ರಜೆ ಭಾನುವಾರವಲ್ಲ, ಶುಕ್ರವಾರ. ಬಾವಿಯ ನೀರು ಗಡಸು. ಸಾಬೂನು ಎಷ್ಟು ತಿಕ್ಕಿದರೂ ನೊರೆ ಬಾರದು, ಬೇಳೆ ಎಷ್ಟು ಹೊತ್ತಾದರೂ ಬೇಯದು. ಎಲ್ಲಕ್ಕಿಂತ ಉರಿದದ್ದು 'ಗೈರ್ ಮುಲ್ಕಿ' ಎಂಬ ಮಾತಿಗೆ. ಈ ರಾಜ್ಯದವರು ಮುಲ್ಕಿಗಳು, ಹೊರಗಿನಿಂದ ಬಂದವರು ಗೈರ್ ಮುಲ್ಕಿಗಳು. ತರಕಾರಿಯವಳ ಜೊತೆ ಕನ್ನಡದಲ್ಲೇ ಚೌಕಾಸಿ ಮಾಡುವ ನಾನು ಪರದೇಶದವಳಂತೆ!

ನಮಗೆ ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿ ಎರಡು ಅಂಕಣದ ಮನೆ ಸಿಕ್ಕಿತ್ತು. ಮನೆಯ ಒಡತಿ ನೀಲಮ್ಮ, ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡ ಬೇಳೆಕಾಳಿನ ವ್ಯಾಪಾರಿ. ಆಕೆಯ ತವರು ಕಮಲಾಪುರ, ಇಲ್ಲಿಂದ ಎತ್ತಿನ ಬಂಡಿಯಲ್ಲಿ ಪೂರ್ತಿ ಒಂದು ಹಗಲಿನ ದಾರಿ. ಮೊದಲ ವಾರವೇ ನಾನು ಜೋಳದ ಹಿಟ್ಟಿಗೆ ತಣ್ಣೀರು ಸುರಿದು, ಚಪಾತಿಯ ಹಾಗೆ ಲಟ್ಟಿಸಲು ಹೋಗಿ, ರೊಟ್ಟಿ ಐದು ತುಂಡಾಗಿ, ಅಳುತ್ತ ಕೂತಿದ್ದನ್ನು ಆಕೆ ಕಿಟಕಿಯಿಂದ ನೋಡಿಬಿಟ್ಟಳು. ಒಳಗೆ ಬಂದು, "ಕುದಿಯೋ ನೀರಿಲ್ಲದ ಎಂದರ ಜ್ವಾಳದ ಹಿಟ್ಟು ಕೂಡ್ತದೇನ್ರಿ ತಂಗಿ?" ಎಂದು ನನ್ನನ್ನು ಪಕ್ಕಕ್ಕೆ ಸರಿಸಿ ಕೂತಳು. ಅವತ್ತಿನಿಂದ ನಾನು ಆಕೆಯನ್ನು ಅಕ್ಕ ಎಂದೆ.

ಬೇಗಂ ಸಾಹೇಬರ ಎದುರು ನಾನು ಬ್ಯಾಟು ಹಿಡಿದ ಮೊದಲ ದಿನವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ದೋಸೆ ತಿರುವುವ ಸಟ್ಟುಗವನ್ನು ಹೇಗೆ ಹಿಡಿಯುತ್ತೇವೆಯೋ ಹಾಗೆ ಹಿಡಿದಿದ್ದೆ, ಅಂಗೈ ಹಿಂದೆ, ಬ್ಯಾಟಿನ ಮುಖ ಮುಂದೆ. ಹತ್ತು ಸಲ ಬೀಸಿದೆ. ಒಂಬತ್ತು ಸಲ ಗಾಳಿಗೆ ಏಟು ಬಿತ್ತು. ಹತ್ತನೆಯ ಸಲ ಚಿಡಿಯಾ ಹಿಂದಕ್ಕೆ ಹಾರಿ ಪೇಷ್ಕಾರ ಬಾಯಿಯ ತುರುಬಿಗೆ ಸಿಕ್ಕಿಕೊಂಡಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬೇಗಂ ಒಬ್ಬರೇ ನಗಲಿಲ್ಲ. ಮೂವತ್ತರ ಆಸುಪಾಸಿನ, ತೆಳ್ಳನೆಯ, ದುಪಟ್ಟಾ ಸೊಂಟಕ್ಕೆ ಬಿಗಿದು ನಿಂತ ಆಕೆ ನನ್ನ ಕೈಯನ್ನೇ ನೋಡುತ್ತಿದ್ದರು.

ಹೊರಡುವಾಗ ನಾನು ಪೇಷ್ಕಾರ ಬಾಯಿಗೆ, ಸ್ವಲ್ಪ ದಿನ ಕಲಿತರೆ ಸರಿಹೋಗುತ್ತದೆ ಎಂದೆ. "ಕಲತು ಏನ್ ಮಾಡ್ತೀರಿ?" ಎಂದಳು ಆಕೆ. "ಸೋಲಲಾಕ ಯಾರ ಕಲೀತಾರ? ಹಿಂಗೇ ಚಲೋ ಅದ ನಿಮ್ಮ ಆಟ."

ಅಷ್ಟೇ ಸಾಕಾಯಿತು. ನನಗೆ ಬರುವುದಿಲ್ಲ ಎಂದಿದ್ದರೆ ಸುಮ್ಮನಿರುತ್ತಿದ್ದೆ. ಬಾರದಿದ್ದರೇ ಒಳ್ಳೆಯದು ಎಂದದ್ದನ್ನು ಹೇಗೆ ನುಂಗಿಕೊಳ್ಳಲಿ? ಯಜಮಾನರಿಗೆ ಹೇಳಿ ಹಳೆಯ ಬ್ಯಾಟೊಂದನ್ನು, ಗರಿ ಮುರಿದ ನಾಲ್ಕು ಚಿಡಿಯಾಗಳನ್ನು ತರಿಸಿಕೊಂಡೆ. ಅವರ ಸ್ನೇಹಿತರೊಬ್ಬರು ಆಟದ ವಿಧಾನ ಹೇಳುವ ಇಂಗ್ಲಿಷ್ ಪುಸ್ತಕ ಕೊಟ್ಟರು. ಸಂಜೆ ಯಜಮಾನರು ಅದನ್ನು ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ಮೊದಲ ಪುಟದಲ್ಲೇ ಮುಗ್ಗರಿಸಿದೆವು. ಎದುರಿನವರ ಕೈ ಕುಲುಕುವ ಹಾಗೆ ಬ್ಯಾಟಿನ ಹಿಡಿಯನ್ನು ಹಿಡಿಯಬೇಕು ಎಂದಿತ್ತು. ನಾನು ಹುಟ್ಟಿದಂದಿನಿಂದ ಯಾರ ಕೈಯನ್ನೂ ಕುಲುಕಿದವಳಲ್ಲ. ಅವರು ತೋರಿಸುತ್ತೇನೆಂದು ಕೈ ಚಾಚಿದರು. ಹಿತ್ತಲಲ್ಲಿ ನೀಲಮ್ಮಕ್ಕ ನಿಂತಿದ್ದಾಳೆ, ನಾನು ನಾಚಿ ಒಳಗೆ ಓಡಿದೆ.

ಮರುದಿನ ನೀಲಮ್ಮಕ್ಕ, ಅದೇನು ಕೈ ಹಿಡಿಯುವ ವಿದ್ಯೆ ಎಂದು ಕೇಳಿದಳು. ಹೇಳಿದೆ. ಬ್ಯಾಟನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದನ್ನ ಹಿಡಿಲಾಕ ಪುಸ್ತಕ ಯಾಕ ಬೇಕ್ರಿ? ಕಟಗಿ ಒಡಿಯೋ ಕೊಡ್ಲಿ ಹಿಡಿದಂಗ ಹಿಡೀರಿ. ಕೊಡ್ಲಿ ಬಾಯಿ ನೆಲಾ ನೋಡಬೇಕು, ಹಂಗ ಇದರ ಅಂಚು ನೆಲಾ ನೋಡಬೇಕು." ಹಾಗೆ ಹಿಡಿದೆ. ಹೆಬ್ಬೆರಳೂ ತೋರುಬೆರಳೂ ಹಿಡಿಯ ಮೇಲೆ ಸರಿಯಾಗಿ ಕೂತವು. ಪುಸ್ತಕದ ಚಿತ್ರದ ಪಕ್ಕ ಇಟ್ಟು ನೋಡಿದೆ, ಅದೇ.

ಆಟವಾಡುವುದನ್ನು ಎಂದೂ ಕಂಡಿರದ ಈ ಹೆಂಗಸು ನನ್ನ ಗುರುವಾದದ್ದು ಹೀಗೆ. ಗೋಡೆಗೆ ಹೊಡೆದು ಹೊಡೆದು ನನ್ನ ರಟ್ಟೆ ಊದಿಕೊಂಡಾಗ ಆಕೆ ನನ್ನನ್ನು ರೊಟ್ಟಿಯ ಮುಂದೆ ಕೂರಿಸಿದಳು. "ನೀವು ಇಡೀ ತೋಳ ಬೀಸ್ಲಾಕತ್ತೀರಿ. ನಾ ರೊಟ್ಟಿ ಬಡಿಯೋದು ನೋಡ್ರಿ. ತೋಳ ಎಲ್ಲರ ಅಳ್ಳಾಡ್ತದೇನು? ಎಲ್ಲಾ ಮುಂಗೈದು ಕೆಲಸ." ನೋಡಿದೆ. ಕೈ ಸಡಿಲವಾಗಿ ಬರುತ್ತದೆ. ಹಿಟ್ಟು ಮುಟ್ಟುವ ಕ್ಷಣದಲ್ಲಿ ಮಾತ್ರ ಮಣಿಕಟ್ಟು ತಟ್ಟನೆ ಮಣಿಯುತ್ತದೆ. ಹದಿನೈದು ದಿನ ನಾನು ಬೆಳಿಗ್ಗೆ ರೊಟ್ಟಿ ಬಡಿದು, ಸಂಜೆ ಚಿಡಿಯಾ ಹೊಡೆದೆ. ರೊಟ್ಟಿ ದುಂಡಗಾಗುವುದಕ್ಕೂ ಚಿಡಿಯಾ ಗೋಡೆಯ ಒಂದೇ ಇಟ್ಟಿಗೆಗೆ ಬಡಿಯುವುದಕ್ಕೂ ಹೆಚ್ಚು ಕಡಿಮೆ ಅಷ್ಟೇ ದಿನ ಬೇಕಾಯಿತು.

ಕಾಲಿನ ವಿಷಯವನ್ನೂ ಆಕೆಯೇ ಹೇಳಿದಳು. ನಾನು ಹೊಡೆದ ಮೇಲೆ ಹೊಡೆದಲ್ಲೇ ನಿಂತು ನೋಡುತ್ತಿದ್ದೆ. ಪ್ರತಿ ಏಟಾದ ಮೇಲೆ ಅಂಗಳದ ನಡುವಿಗೆ ಮರಳಬೇಕು ಎಂದು ಪುಸ್ತಕದಲ್ಲಿತ್ತು. ಕಾಲಿಗೆ ಅದು ನೆನಪೇ ಆಗುತ್ತಿರಲಿಲ್ಲ. "ಅಡಗಿ ಮಾಡುವಾಗ ನೀರಿಗೆ ಹೋಗ್ತೀರಿ, ಉಪ್ಪಿಗೆ ಹೋಗ್ತೀರಿ, ತಿರುಗಿ ಒಲಿ ಮುಂದ ಬರ್ತೀರಲ್ಲ? ಯಾರರ ನೆಪ್ಪು ಮಾಡ್ತಾರೇನು?" ಎಂದು ನೆಲದ ಮೇಲೆ ಇದ್ದಿಲಿನಿಂದ ಒಂದು ಒಲೆ ಬರೆದಳು. ಆ ಇದ್ದಿಲಿನ ಒಲೆಗೆ ನಾನು ದಿನಕ್ಕೆ ನೂರು ಸಲ ಓಡಿ ಬಂದೆ. ಸೀರೆಯನ್ನು ಈ ಕಡೆಯವರ ಹಾಗೆ ಕಚ್ಚೆ ಹಾಕಿ ಉಡಲು ಕಲಿತದ್ದೂ ಆಗಲೇ.

ಎರಡು ತಿಂಗಳು ನಾನು ಕಲಿತದ್ದನ್ನು ಕನಾತಿನೊಳಗೆ ತೋರಿಸಲಿಲ್ಲ. ಮೆತ್ತಗೆ ಎತ್ತಿ ಕೊಟ್ಟೆ, ಬಂದದ್ದನ್ನು ಬಿಟ್ಟೆ, ಚಪ್ಪಾಳೆ ತಟ್ಟಿದೆ. ಮನೆಗೆ ಬಂದು ಹಲ್ಲು ಕಚ್ಚಿಕೊಂಡು ಗೋಡೆಗೆ ಹೊಡೆದೆ. ಯಜಮಾನರು ಒಳ್ಳೆಯವರು, "ಸೋತ್ಬಿಡು ಜಾನಕಿ, ನಮ್ಮ ಗಂಟೇನು ಹೋಗುತ್ತೆ?" ಎನ್ನುತ್ತಿದ್ದರು. ನಾನು ಮತ್ತೆ ಬ್ಯಾಟು ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆ.

ಒಂದು ಸಂಜೆ ಜೋಡಿ ಆಟಕ್ಕೆ ನಾಲ್ಕನೆಯವರು ಬರಲಿಲ್ಲ. ಇನ್ನೊಬ್ಬಾಕೆಗೆ ಕಾಲು ಉಳುಕಿತ್ತು. ಬೇಗಂ ನನ್ನ ಕಡೆ ತಿರುಗಿ, "ಮೈಸೂರ ಬಾಯಿ, ನಾವಿಬ್ಬರೇ ಆಡೋಣ, ಹನ್ನೊಂದಕ್ಕ" ಎಂದರು. ಅವರನ್ನು ಸಾಕಿದ ದಾಯಿ ಈ ಊರಿನವಳಂತೆ, ಅವರ ಕನ್ನಡ ಇಲ್ಲಿನದೇ. ಸೋಲಬೇಕೆಂದೇ ನಾನು ಜಾಲಿಯ ಮುಂದೆ ನಿಂತದ್ದು, ದೇವರಾಣೆ. ನಾಲ್ಕು ಅಂಕ ಬಿಟ್ಟೂ ಕೊಟ್ಟೆ. ಐದನೆಯದನ್ನು ಅವರು ಜಾಲಿಗೆ ಹೊಡೆದರು. ಚಿಡಿಯಾ ಅವರ ಪಾದದ ಮೇಲೆ ಬಿತ್ತು. ಹಿಂದೆ ಕೂತವರೆಲ್ಲ 'ವಾಹ್ ವಾಹ್' ಎಂದರು. ಆಗ ಬೇಗಂ ಆ ಚಪ್ಪಾಳೆಯ ಕಡೆ ಒಮ್ಮೆ ತಿರುಗಿ ನೋಡಿದ್ದನ್ನು ನಾನು ಕಂಡೆ. ಸಾಕು ಎನಿಸಿತು.

ಮುಂದಿನದನ್ನು ಅವರ ಎಡಗಡೆಗೆ, ಕೈಗೆ ಎಟುಕದಂತೆ ಹೊಡೆದೆ. ಆಮೇಲಿನದನ್ನು ಜಾಲಿಗೆ ತಾಗುವಷ್ಟು ತಗ್ಗಿಸಿ ಆಚೆ ಬುಡದಲ್ಲೇ ಬೀಳಿಸಿದೆ. ರೊಟ್ಟಿ ಬಡಿದ ಮುಂಗೈ, ಇದ್ದಿಲಿನ ಒಲೆಗೆ ಓಡಿದ ಕಾಲು, ಯಾವುದನ್ನೂ ತಡೆಯಲಿಲ್ಲ. ಬೇಗಂ ಓಡಿದರು, ಎಡವಿದರು, ಬೆವೆತರು. ಹನ್ನೊಂದು ನನ್ನದಾದಾಗ ಅವರದು ಐದೇ. ಬೇಗಂ ಬ್ಯಾಟನ್ನು ಕುರ್ಚಿಯ ಮೇಲಿಟ್ಟು, ಯಾರೊಡನೆಯೂ ಮಾತಾಡದೆ ಒಳಗೆ ಹೋದರು.

"ಗೈರ್ ಮುಲ್ಕಿ ಮಂದಿಗಿ ರಿವಾಜ ಎಲ್ಲಿಂದ ತಿಳೀಬೇಕು?" ಎಂದಳು ಪೇಷ್ಕಾರ ಬಾಯಿ, ನನಗೆ ಕೇಳುವ ಹಾಗೆ.

ಹದಿನೈದು ದಿನದೊಳಗೆ ಯಜಮಾನರಿಗೆ ಹುಕುಂ ಬಂತು: ಕಮಲಾಪುರದ ರಸ್ತೆಯ ಕೆಲಸಕ್ಕೆ ಹೋಗಿ, ಮುಂದಿನ ಆಜ್ಞೆಯವರೆಗೆ ಅಲ್ಲೇ ಇರಬೇಕು. ಕಾಯಂ ಆಗುವ ಮಾತು ಅಡಿಯ ಕಾಗದವಾಯಿತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಬಂಡಿಯಲ್ಲಿ ಕೂತು ದಾರಿಯುದ್ದಕ್ಕೂ ಬೇಗಂ ಸಾಹೇಬರನ್ನು ಬೈದೆ. ಸೋಲನ್ನು ತಾಳಲಾರದವರು ಆಟಕ್ಕೆ ಏಕೆ ಕರೆಯಬೇಕು? ಅಷ್ಟು ದೊಡ್ಡ ಮನೆಯಲ್ಲಿದ್ದು ಅಷ್ಟು ಸಣ್ಣ ಮನಸ್ಸೇ?

ನೀಲಮ್ಮಕ್ಕ ತನ್ನ ತವರಿಗೆ ಹೇಳಿ ಕಳಿಸಿದ್ದಳು. ಆಕೆಯ ತಾಯಿ, ಊರಿಗೆಲ್ಲ ಹಿರೇಮ್ಮ, ನಮಗೆ ಪಡಸಾಲೆಯ ಪಕ್ಕದ ಕೋಣೆ ಬಿಟ್ಟುಕೊಟ್ಟಳು. ಕಮಲಾಪುರದ ನೆಲ ಕೆಂಪು, ಬಾಳೆಯ ಹಣ್ಣೂ ಕೆಂಪು. ಮೊದಲ ದಿನ ಕೊಳೆತ ಹಣ್ಣೆಂದು ನಾನದನ್ನು ಎತ್ತಿಟ್ಟೆ. ಹಿರೇಮ್ಮ ತಾನೇ ಸುಲಿದು ಬಾಯಿಗಿಟ್ಟಳು. ಅಷ್ಟು ಸಿಹಿಯಾದದ್ದನ್ನು ನಮ್ಮ ರಸಬಾಳೆಯ ಮೇಲಾಣೆ ನಾನು ತಿಂದಿರಲಿಲ್ಲ. ಊರಿನವರು ಒಳ್ಳೆಯವರೇ. ಆದರೂ ಬಾವಿಯ ಕಟ್ಟೆಯಲ್ಲಿ ನಾನು 'ಮೈಸೂರಾಕಿ'. ನಾನು ಹೋದರೆ ಮಾತು ತುಸು ನಿಲ್ಲುತ್ತಿತ್ತು. ಯಜಮಾನರು ಬೆಳಗಾದರೆ ರಸ್ತೆಯ ಮೇಲೆ. ನಾನು ಜಲ್ಲಿ ಒಡೆಯುವ ಸದ್ದು ಕೇಳುತ್ತ ಹಗಲೆಲ್ಲ ಒಬ್ಬಳೇ ಕೂತಿರುತ್ತಿದ್ದೆ. ಅಮ್ಮನ ಕಾಗದ ಬಂತು: 'ಆ ಮೊಗಲಾಯಿ ರಾಜ್ಯ ಸಾಕು. ಅವರು ಬೇಕಾದರೆ ಇರಲಿ. ನೀನು ನಮ್ಮೂರಿಗೆ ಬಂದುಬಿಡು.' ಬರುತ್ತೇನೆ ಎಂದು ಕಾರ್ಡು ಬರೆದು ಟ್ರಂಕಿನ ಮೇಲಿಟ್ಟೆ. ಟಪಾಲಿನವನು ಬರುವುದು ಇನ್ನೂ ಎರಡು ದಿನವಿತ್ತು.

ಮರುದಿನ ಎಳ್ಳಮಾಸಿ. ಅಂದರೆ ಎಳ್ಳಮಾವಾಸ್ಯೆ, ಈ ಕಡೆ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗಿ ಉಣ್ಣುತ್ತದೆ. ನೀಲಮ್ಮಕ್ಕನೂ ಬಂದಿದ್ದಳು. ನಾವು ಸಜ್ಜೆಯ ಕಡಬು, ಕಾಳು ಸೊಪ್ಪು ಎಲ್ಲ ಬೆರೆಸಿದ ಭಜ್ಜಿ ಹರಡಿಕೊಂಡು ಕೂತಾಗ ತಹಶೀಲಿನ ಚಪರಾಸಿ ಓಡಿ ಬಂದ. ತಾಲ್ಲೂಕುದಾರರು ದೌರಾ, ಅಂದರೆ ಪ್ರವಾಸ, ಬಂದಿದ್ದಾರೆ. ಮಾವಿನ ತೋಪಿನಲ್ಲಿ ಡೇರೆ ಹಾಕಿದೆ. ಬೇಗಂ ಸಾಹೇಬರು ಓವರ್ಸಿಯರ್ ಬಾಯಿಯನ್ನು ಕರೆಯುತ್ತಾರೆ.

"ಹೋಗಬ್ಯಾಡ್ರಿ, ಮತ್ತೇನರ ಅಂದಾರು" ಎಂದಳು ನೀಲಮ್ಮಕ್ಕ. ಅನ್ನಲಿ, ನನಗೂ ಅನ್ನುವುದಿದೆ ಎಂದು ಎದ್ದೆ. ನನ್ನ ಹಿಂದೆ ಆಕೆ, ಹಿರೇಮ್ಮ, ಹೊಲದಲ್ಲಿದ್ದ ಅರ್ಧ ಹೆಂಗಸರು ಹೊರಟರು.

ತೋಪಿನಲ್ಲಿ ಅದೇ ಕನಾತು. ಜಾಲಿ ಕಟ್ಟಿತ್ತು. ಬೇಗಂ ದುಪಟ್ಟಾ ಸೊಂಟಕ್ಕೆ ಬಿಗಿದು ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು.

"ಆರು ವರ್ಷ ಆತು ನಾ ಆಡ್ಲಾಕತ್ತು. ಆರು ವರ್ಷದಾಗ ಒಬ್ಬಾಕಿನೂ ಖರೇ ಆಡಲಿಲ್ಲ! ಚಲೋ ಆಡ್ತೀನಿ ಅಂತ ತಿಳಕೊಂಡಿದ್ದೆ ನಾ. ಎಲ್ಲಾರೂ ಸೇರಿ ನನ್ನ ಗೊಂಬಿ ಮಾಡಿ ಕುಣಿಸ್ಯಾರ."

"ಅವತ್ತು ಮಾತಾಡದೆ ಹೋದಿರಿ" ಎಂದೆ. "ಆಮೇಲೆ ನಮ್ಮನ್ನು ಇಲ್ಲಿಗೆ ಎತ್ತಿ ಹಾಕಿಸಿದಿರಿ."

"ನಾ?" ಎಂದರು ಬೇಗಂ. "ನಿಮಗ ಕಲಬುರ್ಗಿ ಹವಾ ಒಗ್ಗಲಿಲ್ಲ, ನೀವೇ ಕೇಳಿ ಹೋದಿರಿ ಅಂತ ಪೇಷ್ಕಾರ ಬಾಯಿ ಹೇಳಿದಳು. ಅವತ್ತು ನನಗ ನಾಚಿಕಿ ಬಂದಿತ್ತು, ನಿಮ್ಮ ಮ್ಯಾಲ ಸಿಟ್ಟಲ್ಲ. ಹದಿನೈದು ದಿನ ಬಿಟ್ಟು ಕರೆ ಕಳಿಸಿದೆ, ನೀವು ಊರಾಗಿಲ್ಲ ಅಂದರು." ಇಷ್ಟು ದಿನ ನಾನು ಬೈದದ್ದೆಲ್ಲ ತಪ್ಪು ವಿಳಾಸಕ್ಕೆ ಹೋಗಿತ್ತು. ಆ ಪೇಷ್ಕಾರ ಬಾಯಿ ಅಲ್ಲಿದ್ದಿದ್ದರೆ ನಾವಿಬ್ಬರೂ ಸೇರಿ ಏನು ಮಾಡುತ್ತಿದ್ದೆವೋ ಹೇಳಲಾರೆ.

"ಎರಡು ತಿಂಗಳು ಗ್ವಾಡಿಗಿ ಹೊಡದೀನಿ" ಎಂದರು ಬೇಗಂ, ಬ್ಯಾಟನ್ನು ನನ್ನ ಕಡೆ ಚಾಚುತ್ತ. "ಈಗ ಆಡ್ರಿ. ಬಿಟ್ಟುಕೊಟ್ಟಿರಿ ಅಂದ್ರ ನನಗ ತಿಳೀತದ."

ಬಿಟ್ಟುಕೊಡಲಿಲ್ಲ. ನನ್ನ ಮಕ್ಕಳಾಣೆ ಎನ್ನಲು ನನಗಿನ್ನೂ ಮಕ್ಕಳಿಲ್ಲ, ಇದ್ದಿದ್ದರೆ ಇಡುತ್ತಿದ್ದೆ. ಬೇಗಂ ಈಗ ಹೊಡೆದಲ್ಲಿ ನಿಲ್ಲುತ್ತಿರಲಿಲ್ಲ. ಅವರೂ ಎಲ್ಲೋ ಒಂದು ಒಲೆ ಬರೆದುಕೊಂಡಿದ್ದರು. ನಾನು ಎಡಕ್ಕೆ ಹೊಡೆದರೆ ಅಲ್ಲಿದ್ದರು, ತಗ್ಗಿಸಿದರೆ ಅಲ್ಲೂ ಇದ್ದರು. ಎಂಟು ಎಂಟು ಆಯಿತು. ಕನಾತಿನ ಬಟ್ಟೆಯನ್ನು ಎತ್ತಿ ನಮ್ಮ ಹೆಂಗಸರೆಲ್ಲ ಒಳಗೆ ತಲೆ ತೂರಿಸಿದ್ದರು, ಯಾರೂ ತಡೆಯಲಿಲ್ಲ. ಒಂಬತ್ತು, ಹತ್ತು, ಬೇಗಂ ಸಾಹೇಬರದು. ಕೊನೆಯದು ಎತ್ತರಕ್ಕೆ ಹೋಗಿ ನನ್ನ ಹಿಂದಿನ ಗೆರೆಯ ಕಡೆಗೆ ಇಳಿಯಿತು. ನಾನು ಹಾರಿದೆ. ಬ್ಯಾಟಿಗೂ ಚಿಡಿಯಾಕ್ಕೂ ನಾಲ್ಕು ಬೆರಳಿನಷ್ಟು ಅಂತರ ಉಳಿಯಿತು.

ಕನಾತಿನಡಿಯಿಂದ ಹಿರೇಮ್ಮನ ದೊಡ್ಡ ದನಿ ಬಂತು: "ಅಯ್ಯ, ನಮ್ಮೂರಾಕಿ ಸೋತಳಲ್ಲವ್ವಾ!"

ನಾನು ಕೆಂಪು ಮಣ್ಣಿನಲ್ಲಿ ಬಿದ್ದಿದ್ದೆ. ಮೊಣಕಾಲು ತರಚಿತ್ತು. ಗೆದ್ದ ದಿನ ಕಲಬುರ್ಗಿಯಲ್ಲಿ ಯಾರೂ ನನ್ನನ್ನು ನಮ್ಮವಳು ಎನ್ನಲಿಲ್ಲ. ಸೋತು ಮಣ್ಣಿನಲ್ಲಿ ಬಿದ್ದಾಗ ಈ ಮುದುಕಿ ಅದನ್ನು ಊರಿಗೆಲ್ಲ ಕೇಳುವ ಹಾಗೆ ಕೂಗಿದಳು. ಸೋತದ್ದಕ್ಕೋ, ಆ ಮಾತಿಗೋ, ಗೊಳೋ ಎಂದು ಅತ್ತುಬಿಟ್ಟೆ. ಬೇಗಂ ಬಂದು ಕೈ ಹಿಡಿದು ಎಬ್ಬಿಸಿದರು. ನಿಮ್ಮವರನ್ನು ಕಲಬುರ್ಗಿಗೆ ಕರೆಸುತ್ತೇನೆ ಎಂದರು. "ಅದೆಲ್ಲ ಆಮೇಲೆ, ಮೊದಲು ಇನ್ನೊಂದು ಆಟ" ಎಂದೆ.

ಟ್ರಂಕಿನ ಮೇಲಿನ ಕಾರ್ಡು ಒಲೆಗೆ ಹೋಯಿತು. ಯಜಮಾನರ ಕೆಲಸ ಕಾಯಂ ಆಯಿತು. ರಸ್ತೆ ಮುಗಿಯುವವರೆಗೆ ಕಮಲಾಪುರದಲ್ಲೇ ಇರುತ್ತೇವೆಂದು ನಾವೇ ಕೇಳಿಕೊಂಡೆವು. ಯುಗಾದಿಗೆ ಮಾತ್ರ ಮೈಸೂರಿಗೆ ಬಂದೆ. ನಿಮ್ಮಲ್ಲಿ ಕೆಲವರು ನನ್ನನ್ನು ಆಗ ನೋಡಿದ್ದೀರಿ, ಕರ್ರಗಾಗಿದ್ದಾಳೆ ಎಂದಿರಿ.

ಬಂದ ಮರುದಿನ ಅಮ್ಮ ದೋಸೆ ಹುಯ್ಯಲು ಕೂರಿಸಿದಳು. ಮೈಸೂರು ಬಿಟ್ಟಂದಿನಿಂದ ಆ ವಾಸನೆಗೆ ಹಂಬಲಿಸಿದ್ದೆ. ಹುಯ್ದೆ, ಸಟ್ಟುಗ ಹಿಡಿದೆ, ತಿರುವಿದೆ. ದೋಸೆ ಹರಿಯಿತು. ಎರಡನೆಯದೂ ಹರಿಯಿತು. ಅಮ್ಮ ಬಗ್ಗಿ ನನ್ನ ಕೈ ನೋಡಿದಳು.

"ಇದೇನೇ ಇದು, ಸಟ್ಟುಗಾನ ಕೊಡ್ಲಿ ಹಿಡಿದ ಹಾಗೆ ಹಿಡಿದಿದೀಯ? ನಿಮ್ಮೂರಲ್ಲಿ ಹೀಗೇನಾ?"

ನಿಮ್ಮೂರಲ್ಲಿ. ಹೆತ್ತ ತಾಯಿ. ಹೇಳಿ, ಏನೂ ಆಗದವಳ ಹಾಗೆ ಚಟ್ನಿ ರುಬ್ಬಲು ಹೋದಳು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ಗೊತ್ತಾಗಲಿಲ್ಲ. ಕಾವಲಿಯ ಮೇಲೆ ಮೂರನೆಯ ದೋಸೆ ಸೀಯುತ್ತಿತ್ತು. ಸಟ್ಟುಗವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ, ಮೊದಲು ಅದನ್ನು ಹೇಗೆ ಹಿಡಿಯುತ್ತಿದ್ದೆ ಎಂಬುದು ನೆನಪಿಗೆ ಬರಲಿಲ್ಲ.